ಮೀಸುವ ಅಮ್ಮನ ಎಡಗೈ

"ಸಣ್ಣವಳಿರುವಾಗ ನಿನ್ನನ್ನ ಮೀಸಿದ್ದು ಯಾರೇ? ಮೂಗು ಒಂಚೂರೂ ಎಳೆದಿಲ್ಲ."

ಕಡಹಿನಬೈಲಿನ ಆ ಮನೆಗೆ ಮೊದಲ ದಿನ ಹೋಗಿ, ಚಪ್ಪಲಿ ಬಿಟ್ಟು, ಕೈ ತೊಳೆದು, ಮಂಚದ ಪಕ್ಕ ಸ್ಟೂಲ್ ಎಳೆದು ಕೂತ ಕೂಡಲೇ ನನಗೆ ಸಿಕ್ಕ ಸ್ವಾಗತ ಇದು. ಆ ಮನೆಯ ಅಮ್ಮನ ಬಾಯಿ ಎಡಕ್ಕೆ ಸ್ವಲ್ಪ ಜೋತಿತ್ತು, ಮಾತು ತೊದಲುತ್ತಿತ್ತು. ನನ್ನ ಮೂಗಿನ ವಿಷಯ ಮಾತ್ರ ಒಂದಕ್ಷರ ಬಿಡದೆ ಸ್ಪಷ್ಟವಾಗಿ ಕೇಳಿಸಿತು. ನಾನು ಮೊದಲೇ ಸಿಡುಕಿ. ಆ ದಿನ ಬಿಸಿಲಲ್ಲಿ ಕೊಪ್ಪದಿಂದ ಸ್ಕೂಟರ್ ಓಡಿಸಿಕೊಂಡು ಬಂದು ತಲೆ ಬೇರೆ ಸಿಡಿಯುತ್ತಿತ್ತು. "ನನ್ನ ಮೂಗು ಆಮೇಲೆ ನೋಡುವ, ಮೊದಲು ನಿಮ್ಮ ಕೈ ತೋರಿಸಿ" ಎಂದೆ. ಅಮ್ಮ ಬಲಗೈಯಿಂದ ಎಡಗೈಯನ್ನು ಎತ್ತಿ, ಯಾರದೋ ವಸ್ತುವನ್ನು ವಾಪಸು ಕೊಡುವವಳ ಹಾಗೆ ನನ್ನ ತೊಡೆಯ ಮೇಲೆ ಇಟ್ಟಳು.

ನಾನು ಫಿಸಿಯೋಥೆರಪಿ ಮಾಡುವವಳು. ಸ್ಟ್ರೋಕ್ ಆದವರಿಗೆ, ನಮ್ಮವರ ಮಾತಿನಲ್ಲಿ ಲಕ್ವ ಹೊಡೆದವರಿಗೆ, ಕೈಕಾಲು ಮತ್ತೆ ಆಡುವ ಹಾಗೆ ವ್ಯಾಯಾಮ ಮಾಡಿಸುವುದೇ ನನ್ನ ಹೆಚ್ಚಿನ ಕೆಲಸ. ಬೆಳಿಗ್ಗೆ ಕೊಪ್ಪದ ನನ್ನ ಸಣ್ಣ ಕೋಣೆಯಲ್ಲಿ ಇರುತ್ತೇನೆ. ಮಧ್ಯಾಹ್ನದ ಮೇಲೆ, ಅಲ್ಲಿಯವರೆಗೆ ಬರಲಾಗದವರ ಮನೆಗಳಿಗೆ ಹೋಗುತ್ತೇನೆ. ಒಂದು ದಿನ ಶೃಂಗೇರಿ ಕಡೆ, ಒಂದು ದಿನ ನರಸಿಂಹರಾಜಪುರದ ಕಡೆ. ಹೋದ ಮನೆಯಲ್ಲೆಲ್ಲ ಮೊದಲು ಕೇಳುವುದು ಒಂದೇ: "ಕರೆಂಟು ಕೊಡ್ತೀರಾ?" ಕರೆಂಟಿನ ಪೆಟ್ಟಿಗೆ ತಂದಿಲ್ಲ ಎಂದರೆ ಅವರ ಮುಖ ಬಾಡುತ್ತದೆ. ಮಾತ್ರೆ ಔಷಧಿ, ಇಂಜೆಕ್ಷನ್ ಔಷಧಿ, ಎಣ್ಣೆಯೂ ಔಷಧಿ. ಕೈ ಎತ್ತಿ, ಕೈ ಇಳಿಸಿ ಎನ್ನುವುದು ಮಾತ್ರ ಶಾಲೆಯ ಡ್ರಿಲ್ಲು. ಅದಕ್ಕೆ ಡಾಕ್ಟರಮ್ಮ ಯಾಕೆ ಬೇಕು ಎಂದು ಮುಖದ ಮೇಲೇ ಕೇಳಿದವರು ಇದ್ದಾರೆ.

ಈ ಅಮ್ಮ ಕರೆಂಟು ಕೇಳಲಿಲ್ಲ. ಕೇಳಿದ್ದು ಬೇರೆ. "ಇನ್ನು ಐದು ತಿಂಗಳಿಗೆ ಈ ಕೈ ಬರ್ತದಾ ಇಲ್ವಾ? ಅಷ್ಟು ಹೇಳು ಸಾಕು."

ಐದು ತಿಂಗಳ ಲೆಕ್ಕ ಯಾಕೆಂದು ಸೊಸೆ ಹೇಳಿದಳು. ಅಮ್ಮ ತೋಟದ ಕೂಲಿ ಕೆಲಸದವಳು. ಆದರೆ ಸುತ್ತಲಿನ ಊರಿನಲ್ಲೆಲ್ಲ ಅವಳನ್ನು ಕರೆಯುವುದು ಮೀಸುವ ಅಮ್ಮ ಎಂದು. ಮೀಸುವುದು ಎಂದರೆ ಹಸುಗೂಸಿಗೆ ಎಣ್ಣೆ ಹಚ್ಚಿ, ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸುವುದು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಕೂಸು, ಬಂದ ಮೇಲೆ ಇನ್ನೊಂದು. ಕೂಲಿಯವರ ಮನೆಯಲ್ಲೂ ಇವಳೇ, ತೋಟದ ಧಣಿಗಳ ಮನೆಯಲ್ಲೂ ಇವಳೇ. ತಲೆ ಉರುಟು ಮಾಡುವುದು, ಮೂಗು ಎಳೆಯುವುದು, ಗಲ್ಲ ತಿದ್ದುವುದು ಎಲ್ಲ ಅವಳ ಬೆರಳಿನ ಕೆಲಸ. ಒಬ್ಬಳೇ ಮಗಳನ್ನು ಕಿಗ್ಗಕ್ಕೆ ಕೊಟ್ಟಿದ್ದಳು. ಮಗಳಿಗೆ ಮದುವೆಯಾಗಿ ಆರು ವರ್ಷದ ಮೇಲೆ ಈಗ ಹೊಟ್ಟೆಯಲ್ಲಿ ನಾಲ್ಕು ತಿಂಗಳು. ಆ ಸುದ್ದಿ ಬಂದ ಹತ್ತು ದಿನಕ್ಕೆ, ತೋಟದಲ್ಲಿ ಎಡಗೈಯಲ್ಲಿದ್ದ ಬುಟ್ಟಿ ಜಾರಿ ಬಿತ್ತು, ಎತ್ತಿಕೊಳ್ಳಲು ಬಗ್ಗಿದ ಅಮ್ಮನೂ ಅಲ್ಲೇ ಬಿದ್ದಳು. ಬೇಗ ಆಸ್ಪತ್ರೆ ಸೇರಿದ್ದರಿಂದ ಜೀವ ಉಳಿಯಿತು. ಎಡಗೈ ಎಡಗಾಲು ಸುಮ್ಮನಾದವು.

ಕಿಗ್ಗದ ಬೀಗರು ಒಳ್ಳೆಯವರು. ಈ ಸ್ಥಿತಿಯಲ್ಲಿ ನಿಮಗೆ ತೊಂದರೆ ಬೇಡ, ಬಾಣಂತನ ನಮ್ಮಲ್ಲೇ ಆಗಲಿ, ಕೂಸನ್ನು ಮೀಸುವುದಕ್ಕೆ ಇಲ್ಲಿಯೇ ಒಬ್ಬಳು ಇದ್ದಾಳೆ ಎಂದು ಹೇಳಿ ಕಳುಹಿಸಿದ್ದರು. ಆ 'ಒಬ್ಬಳು' ಅಮ್ಮನ ಹೊಟ್ಟೆಗೆ ಬೆಂಕಿ ಇಟ್ಟಿದ್ದಳು.

"ಅವಳು ಮೀಸಿದ ಕೂಸುಗಳನ್ನ ನೋಡಿದೀಯಾ? ತಲೆ ಎಲ್ಲ ಹಿಂದುಗಡೆ ಚಪ್ಪಟೆ! ಊರೂರ ಕೂಸುಗಳನ್ನ ಮೀಸಿ, ನನ್ನ ಮಗಳ ಕೂಸನ್ನ ಅವಳ ಕೈಗೆ ಕೊಡದಾ?"

ನಾನು ಯಾವ ಮಾತನ್ನೂ ಕೊಡಲಿಲ್ಲ. ನನ್ನ ಕೆಲಸದಲ್ಲಿ ಕೊಡಬಾರದು. "ನೀವು ಮಾಡಿದಷ್ಟು ಬರುತ್ತದೆ" ಎಂದಷ್ಟೇ ಹೇಳಿ ಕಾಲಿನಿಂದ ಶುರು ಮಾಡಿದೆ. ಎಡಗಾಲಿನ ಮಂಡಿ ಮಡಚಿ ಹೊಟ್ಟೆಯ ಕಡೆ ಒತ್ತಿದೆ, ನೀಡಿದೆ. ಮತ್ತೆ ಮಡಚಿದೆ, ನೀಡಿದೆ. ಆಮೇಲೆ ಎಡಗೈಯನ್ನು ಎದೆಯ ಮೇಲೆ ಅಡ್ಡ ತಂದು ಬಲ ಭುಜಕ್ಕೆ ಮುಟ್ಟಿಸಿದೆ. ಅಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವಳು ಒಮ್ಮೆಲೇ, "ತಡಿ ತಡಿ. ಇದು ನನ್ನ ಕೆಲಸ ಅಲ್ದಾ?" ಎಂದಳು.

ಹೌದಲ್ಲ! ಕೂಸಿಗೆ ಎಣ್ಣೆ ಹಚ್ಚಿದ ಮೇಲೆ ಮಾಡಿಸುವುದು ಇದನ್ನೇ. ಎರಡು ಕೈ ಎದೆಯ ಮೇಲೆ ಕತ್ತರಿ, ಎರಡು ಕಾಲು ಹೊಟ್ಟೆಯ ಮೇಲೆ ಕತ್ತರಿ, ಬಲಗೈಗೆ ಎಡಗಾಲು, ಎಡಗೈಗೆ ಬಲಗಾಲು. ವರ್ಷಗಟ್ಟಲೆ ಕಾಲೇಜಿನಲ್ಲಿ ಓದಿ ಬಂದ ನನಗೆ ಇದು ಒಂದು ದಿನವೂ ಹೊಳೆದಿರಲಿಲ್ಲ.

"ಕೂಸಿನ ಕಾಲು ಹಂಗೆ ಹಿಡಿಯದಲ್ಲ. ಮಂಡಿ ಕೆಳಗೆ ಕೈ ಕೊಡು. ಹಾಂ, ಈಗ ಎಳಿ. ನಗ್ತಾ ಎಳೀಬೇಕು, ಮುಖ ಹಿಂಗೆ ಗಂಟಿಕ್ಕಂಡ್ರೆ ಯಾವ ಕೂಸು ಕಾಲು ಕೊಡ್ತದೆ?"

ಅಂದಿನಿಂದ ಆ ಮನೆಯಲ್ಲಿ ಕೂಸು ಅಮ್ಮನೇ, ಮೀಸುವವಳು ನಾನು. ಅವಳಿಗೆ ಒಂದು ವ್ಯಾಯಾಮವನ್ನೂ ಎರಡನೇ ಸಲ ಹೇಳಿಕೊಡಬೇಕಾಗಲಿಲ್ಲ. ಬದಲಿಗೆ ನನಗೇ ಪಾಠವಾಗುತ್ತಿತ್ತು. ಬಲಗೈಯಿಂದ ಎಡಗೈಯ ಬೆರಳು ಹೆಣೆದುಕೊಂಡು ತಲೆಯ ಮೇಲೆ ಎತ್ತುವಾಗ, ಕೂಸಿಗೆ ಹೇಳುವ ಹಾಗೆ ತನಗೆ ತಾನೇ "ಉದ್ದಾ ಆಗು, ದೊಡ್ಡಾ ಆಗು" ಎಂದು ಹೇಳಿಕೊಳ್ಳುತ್ತಿದ್ದಳು. ನಗು ತಡೆಯಲಾಗದೆ ನಾನು ಎಣಿಕೆ ತಪ್ಪುತ್ತಿದ್ದೆ.

ಜಗಳವಾದದ್ದು ಸೊಸೆಯ ಜೊತೆಗೆ. ಅವಳು ಅತ್ತೆಗೆ ಊಟ ಮಾಡಿಸುತ್ತಿದ್ದಳು, ಸೀರೆ ಉಡಿಸುತ್ತಿದ್ದಳು, ನೀರಿನ ಲೋಟ ಬಾಯಿಗೇ ಹಿಡಿಯುತ್ತಿದ್ದಳು. "ಪ್ರೀತಿ ಮಾಡಿ ಮಾಡಿ ನಿಮ್ಮ ಅತ್ತೆಯನ್ನು ಮಂಚಕ್ಕೇ ಅಂಟಿಸಿಬಿಡ್ತೀರಿ!" ಎಂದು ಒಂದು ದಿನ ರೇಗಿಬಿಟ್ಟೆ. ಪಾಪ, ಅತ್ತೇಬಿಟ್ಟಳು. ನನಗೆ ನಾಚಿಕೆಯಾಯಿತು. ಅಮ್ಮ ಮಾತ್ರ, "ಅಳಬೇಡ ಮಾರಾಯ್ತಿ, ಇವಳ ಮೂಗು ಸರಿ ಇಲ್ಲ, ಅದಕ್ಕೇ ಸಿಟ್ಟು ಜಾಸ್ತಿ" ಎಂದು ಸಮಾಧಾನ ಮಾಡಿದಳು. ಮರುದಿನದಿಂದ ಸೊಸೆ ಕೈ ಕಟ್ಟಿಕೊಂಡು ನಿಂತು ನೋಡುವುದನ್ನು ಕಲಿತಳು. ಅವಳಿಗೆ ಅದು ಅತ್ತೆಯ ವ್ಯಾಯಾಮಕ್ಕಿಂತ ಕಷ್ಟದ್ದಾಗಿತ್ತು.

ಎರಡನೇ ತಿಂಗಳಿಗೆ ಅಮ್ಮ ಕೋಲು ಹಿಡಿದು ನಿಂತಳು. ಅಂಗಳದ ನಡುವೆ ತುಳಸಿಕಟ್ಟೆ. "ಬೆಳಿಗ್ಗೆ ಸಂಜೆ ಇದರ ಸುತ್ತ ನಡೆಯಿರಿ, ಸುಸ್ತಾದರೆ ಕಟ್ಟೆಯನ್ನೇ ಹಿಡಿದುಕೊಳ್ಳಬಹುದು" ಎಂದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಅಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಮೂರು ಸುತ್ತು ಐದಾಯಿತು, ಐದು ಒಂಬತ್ತಾಯಿತು. ಒಂದು ತಿಂಗಳಿಗೆ ನಡಿಗೆ ನೋಡಿ ನಾನೇ ಬೆರಗಾದೆ.

ಹಾಗಾದರೆ ಇನ್ನು ಬಚ್ಚಲಮನೆಯವರೆಗೆ ಒಬ್ಬಳೇ ನಡೆಯಲಿ ಎಂದುಕೊಂಡೆ. ಜಗಲಿಯಿಂದ ಇಳಿದು ಎಡಕ್ಕೆ ತಿರುಗಿದರೆ ಬಚ್ಚಲು. ಅಮ್ಮ ಇಳಿದಳು. ನಿಂತಳು. ಎಡಕ್ಕೆ ಹೋಗುವ ಬದಲು ಬಲಕ್ಕೆ ತಿರುಗತೊಡಗಿದಳು. ತಿರುಗಿದಳು, ಇನ್ನೂ ತಿರುಗಿದಳು, ಮುಕ್ಕಾಲು ಸುತ್ತು ಬಂದು ಕೊನೆಗೆ ಬಚ್ಚಲಿಗೆ ಮುಖ ಮಾಡಿ ನಿಂತಳು. "ಇದೆಂತ ಕುಣಿತ?" ಎಂದೆ. "ಎಡಕ್ಕೆ ತಿರುಗಕ್ಕೆ ಹೋದ್ರೆ ಕಾಲು ನೆಲ ಬಿಡಲ್ಲ" ಎಂದಳು. ದಿನವೂ ಹೀಗೇ ತಿರುಗುವುದು ಎಂದು ಸೊಸೆ ಸೇರಿಸಿದಳು. ಅದೂ ನಾನೇ ಹೇಳಿಕೊಟ್ಟದ್ದು ಎಂದು ಅವಳು ತಿಳಿದಿದ್ದಳಂತೆ!

ತುಳಸಿಗೆ ಯಾರಾದರೂ ಎಡಕ್ಕೆ ಸುತ್ತು ಬರುತ್ತಾರೆಯೇ? ಪ್ರದಕ್ಷಿಣೆ ಎಂದರೆ ಬಲಕ್ಕೇ. ಒಂದು ತಿಂಗಳು ಬೆಳಿಗ್ಗೆ ಸಂಜೆ ಅಮ್ಮ ಬಲಕ್ಕೆ ತಿರುಗುವುದನ್ನು ಮಾತ್ರ ಕಲಿತಿದ್ದಳು. ಸುತ್ತು ಹಾಕಲು ಹೇಳಿದ ನಾನು ಯಾವ ಕಡೆಯಿಂದ ಎಂದು ಯೋಚಿಸಿರಲಿಲ್ಲ. ಹುಟ್ಟಿದಾರಭ್ಯ ನಾನೂ ಹಾಗೇ ಸುತ್ತಿದವಳಲ್ಲವೇ, ಅದು ಕಣ್ಣಿಗೇ ಬಿದ್ದಿರಲಿಲ್ಲ.

"ಇವತ್ತಿನಿಂದ ಉಲ್ಟಾ ಸುತ್ತಿ" ಎಂದೆ. ಅಮ್ಮ ನನ್ನನ್ನು ಗದರಿದ್ದು ಅದೇ ಮೊದಲ ಸಲ. "ತಲೆ ಕೆಟ್ಟಿದ್ಯಾ? ತುಳಸಿಗೆ ಅಪ್ರದಕ್ಷಿಣೆ ಬರದಾ? ಮಗಳು ಬಸುರಿ!" ಹೋಗಲಿ, ನಾನು ಅಂಗಳದಲ್ಲಿ ನಿಲ್ಲುತ್ತೇನೆ, ನನ್ನ ಸುತ್ತ ಬನ್ನಿ ಎಂದೆ. ಅದು ಇನ್ನೂ ದೊಡ್ಡ ತಪ್ಪಾಯಿತು. "ಹಂಗೆ ಸುತ್ತದು ಹೆಣಕ್ಕೆ ಮಾರಾಯ್ತಿ. ಬಿಡ್ತು ಅನ್ನು." ನಾನು ಬಿಡ್ತು ಎಂದೆ. ಸ್ಕೂಟರ್ ತೋರಿಸಿದೆ. ಅದಕ್ಕೆ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಇನ್ನೂ ಇತ್ತು, ಆಗುವುದಿಲ್ಲ ಎಂದಳು. ಮೂವರೂ ಅಂಗಳದಲ್ಲಿ ನಿಂತು, ದೇವರಿಗೂ ಜೀವಕ್ಕೂ ಸಂಬಂಧವಿಲ್ಲದ ವಸ್ತುವಿಗಾಗಿ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಮೂಲೆಯ ಕೋಳಿಗೂಡು. ಹಗಲು ಕೋಳಿಗಳೆಲ್ಲ ಹೊರಗಿರುತ್ತವೆ, ಖಾಲಿ ಗೂಡಿಗೆ ಯಾವ ಶಾಸ್ತ್ರವೂ ಇಲ್ಲ ಎಂದು ಅಮ್ಮನೇ ತೀರ್ಪು ಕೊಟ್ಟಳು. ಆಮೇಲೆ ಬೆಳಿಗ್ಗೆ ಸಂಜೆ ತುಳಸಿಗೆ ಬಲಕ್ಕೆ ಐದು, ಕೋಳಿಗೂಡಿಗೆ ಎಡಕ್ಕೆ ಹತ್ತು. ಹುಂಜ ಒಂದು ಅವಳ ಹಿಂದೆಯೇ ಸುತ್ತುವುದನ್ನು ಅಭ್ಯಾಸ ಮಾಡಿಕೊಂಡಿತ್ತು. ಎರಡು ವಾರಕ್ಕೆ ಅಮ್ಮ ಬಚ್ಚಲಿಗೆ ನೇರವಾಗಿ ಎಡಕ್ಕೇ ತಿರುಗಿದಳು.

ಕಾಲು ಹೀಗೆ ಬಂತು. ಕೈ ಮಾತ್ರ ಸತಾಯಿಸಿತು. ಬೆರಳು ಮಡಚುತ್ತಿತ್ತು, ತೆರೆಯುತ್ತಿತ್ತು, ಆದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಪ್ರತಿ ಸಲವೂ ನಾನು ಹೇಳುತ್ತಿದ್ದೆ: "ಕಣ್ಣು ಮುಚ್ಚಿ. ಯಾವ ಬೆರಳು ಮುಟ್ಟಿದೆ ಹೇಳಿ." ಮೊದಮೊದಲು ಎಲ್ಲವೂ ತಪ್ಪು. ಒಂದು ದಿನ ಇದ್ದಕ್ಕಿದ್ದ ಹಾಗೆ ಎಲ್ಲವೂ ಸರಿ! ಹೆಬ್ಬೆರಳು ಎಂದರೆ ಹೆಬ್ಬೆರಳೇ, ಕಿರುಬೆರಳು ಎಂದರೆ ಕಿರುಬೆರಳೇ. ನಾನು ಕುಣಿದಾಡುವುದೊಂದು ಬಾಕಿ. ಆ ಖುಷಿಗೆ ಸೊಸೆ ಕೊಟ್ಟ ಕಡುಬು ಎರಡು ಹೆಚ್ಚಿಗೇ ತಿಂದೆ. ಮುಂದಿನ ವಾರವೂ ಎಲ್ಲ ಸರಿ. ಅದರ ಮುಂದಿನ ವಾರ ನೋಡುತ್ತೇನೆ, ಮುಚ್ಚಿದ ಕಣ್ಣಿನ ರೆಪ್ಪೆ ಸಣ್ಣಗೆ ಅದುರುತ್ತಿದೆ. ಕಳ್ಳಿ! ಸಂದಿಯಿಂದ ನೋಡುತ್ತಿದ್ದಾಳೆ.

ನಾನು ಟವೆಲ್ ತೆಗೆದು ಅವಳ ಕಣ್ಣಿಗೆ ಕಟ್ಟಿದೆ. "ಯಾವ ಬೆರಳು?"

"ಹೆಬ್ಬೆರಳು."

ನಾನು ಮುಟ್ಟಿಯೇ ಇರಲಿಲ್ಲ.

ಸಿಟ್ಟು ನೆತ್ತಿಗೇರಿತು. ಟವೆಲ್ ಬಿಚ್ಚಿ, "ನನಗೆ ಮೋಸ ಮಾಡಿ ನಿಮಗೆ ಎಂತ ಸಿಗ್ತದೆ?" ಎಂದು ಜೋರಾಗಿಯೇ ಕೇಳಿದೆ. ಅಮ್ಮ ತನ್ನ ಎಡಗೈಯನ್ನೇ ನೋಡುತ್ತಾ ಕೂತಿದ್ದಳು. ಕೈಯಿಂದ ಕಣ್ಣು ತೆಗೆಯದೆ, "ಬಿಸಿ ತಣ್ಣಗೆ ಗೊತ್ತಾಗದ ಕೈಗೆ ಯಾರು ಕೂಸು ಕೊಡ್ತಾರೆ? ನೀನು ಸರಿ ಅಂದ್ರೆ ಕಿಗ್ಗದವರು ಒಪ್ತಾರೆ ಅಂತ..." ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟು ದಿನ ಅವಳ ನಗುವನ್ನೇ ನೋಡಿ, ಅವಳಿಗೆ ಎಷ್ಟು ಹೆದರಿಕೆಯಿದೆ ಎಂದು ನಾನು ತಿಳಿದೇ ಇರಲಿಲ್ಲ. ಅವಳ ಎಡಗೈಯನ್ನು ನನ್ನೆರಡು ಕೈಯಲ್ಲಿ ಹಿಡಿದು, "ಸುಳ್ಳು ಹೇಳಿದರೆ ಕೈ ಬರುವುದಿಲ್ಲ ಅಮ್ಮ, ಹುಡುಕಿದರೆ ಬರುತ್ತದೆ" ಎಂದೆ.

ಹುಡುಕುವುದೇ ಕೆಲಸವಾಯಿತು. ಅಕ್ಕಿಯ ಪಾತ್ರೆಯಲ್ಲಿ ಹುಣಸೆಬೀಜ ಹೂತಿಟ್ಟು ಎಡಗೈಯಿಂದ ಹುಡುಕುವುದು. ಒರಟು ಗೋಣಿಯಿಂದ ಒಮ್ಮೆ, ಹಳೆಯ ಸೀರೆಯ ತುಂಡಿನಿಂದ ಒಮ್ಮೆ ಕೈ ಉಜ್ಜುವುದು. ತಣ್ಣೀರಿನ ಲೋಟ, ಉಗುರು ಬೆಚ್ಚಗಿನ ಲೋಟ, ಎರಡನ್ನೂ ಮುಟ್ಟಿಸಿ ಯಾವುದು ಯಾವುದೆಂದು ಕೇಳುವುದು. ಉತ್ತರ ಕೆಲವು ದಿನ ಸರಿ, ಕೆಲವು ದಿನ ತಪ್ಪು. ಈಗ ತಪ್ಪಾದಾಗ ಅಮ್ಮ ತಾನೇ "ಸುಳ್ಳಲ್ಲ, ನಿಜವಾಗ್ಲೂ ತಪ್ಪು" ಎಂದು ಹೇಳಿ ನಗುತ್ತಿದ್ದಳು.

ಕೂಸು ಹಿಡಿಯುವ ಅಭ್ಯಾಸ ಬೇಕಲ್ಲ, ಅದಕ್ಕೆ ಕೂಸಿನಷ್ಟು ಭಾರದ್ದು ಏನಾದರೂ ಬೇಕು. ನಾನು ಬೂದುಗುಂಬಳ ಎಂದೆ, ಮತ್ತೆ ಬೈಸಿಕೊಂಡೆ. ದೃಷ್ಟಿ ತೆಗೆದು ಒಡೆಯುವುದನ್ನು ಕೂಸು ಅನ್ನುವುದಾ! ಕೊನೆಗೆ ಮಾಡಿನಡಿ ಬಾಳೆಹಗ್ಗದಲ್ಲಿ ಕಟ್ಟಿಟ್ಟಿದ್ದ ದೊಡ್ಡ ಮೊಗೆಕಾಯಿ, ಅಂದರೆ ಸಾಂಬಾರ್ ಸೌತೆ, ಕೆಳಗಿಳಿಯಿತು. ಅಮ್ಮ ಬಚ್ಚಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಮೊಗೆಕಾಯಿಯನ್ನು ಕಾಲ ಮೇಲೆ ಮಲಗಿಸಿಕೊಂಡಳು. ಎಡಗೈ ತಲೆಯ ಕಡೆಗೆ ಆಸರೆ, ಬಲಗೈಯಿಂದ ಎಣ್ಣೆ. ಎಣ್ಣೆ ಬಿದ್ದದ್ದೇ ಮೊಗೆಕಾಯಿ ಜಾರಿ, ಉರುಳಿ, ಬಚ್ಚಲ ಕಿಂಡಿಗೆ ಹೋಗಿ ಸಿಕ್ಕಿಕೊಂಡಿತು. ಮೂವರೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. "ಇದು ಗಂಡು, ಹೇಳಿದ ಮಾತು ಕೇಳಲ್ಲ" ಎಂದಳು ಅಮ್ಮ. ಬಿದ್ದು ಒಡೆದದ್ದನ್ನೆಲ್ಲ ಸೊಸೆ ಹುಳಿ ಮಾಡುತ್ತಿದ್ದಳು. ಆ ತಿಂಗಳು ನಾನು ಹೋದಾಗಲೆಲ್ಲ ಅವರ ಮನೆಯಲ್ಲಿ ಮೊಗೆಕಾಯಿ ಹುಳಿಯೇ. ಅದರ ವಾಸನೆ ಬಾರದ ದಿನ, ಓಹೋ ಇವತ್ತು ಯಾವುದೂ ಬಿದ್ದಿಲ್ಲ ಎಂದು ಅಂಗಳದಲ್ಲೇ ಗೊತ್ತಾಗುತ್ತಿತ್ತು.

ಬಸುರಿಯ ಎಂಟನೇ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಕಿಗ್ಗದ ಬೀಗಿತ್ತಿ ಬಂದರು. ಬಾಣಂತನ ಎಲ್ಲಿ ಎಂದು ಅಂದೇ ತೀರ್ಮಾನವಾಗಬೇಕಿತ್ತು. ನಾನೂ ಇದ್ದೆ. ಅಮ್ಮ ಎದ್ದು, ಜಗಲಿ ಇಳಿದು, ಎಡಕ್ಕೆ ತಿರುಗಿ ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕೂತು ಮೊಗೆಕಾಯಿ ತರಿಸಿಕೊಂಡಳು. ಬೀಗಿತ್ತಿ ಬಾಗಿಲಲ್ಲಿ ನಿಂತು ನೋಡಿದರು. ಎಣ್ಣೆ ಹಚ್ಚಿ, ತಿರುವಿ ಮಲಗಿಸಿ, ಬೆನ್ನು ತಿಕ್ಕಿ, ಮತ್ತೆ ತಿರುವಿ, ಕೊನೆಗೆ ದೃಷ್ಟಿಯನ್ನೂ ತೆಗೆದಳು. ನಾನು ಸುಳ್ಳು ಹೇಳಲಿಲ್ಲ. ಎಡಗೈಗೆ ಬಿಸಿ ಇನ್ನೂ ಸರಿಯಾಗಿ ತಿಳಿಯುವುದಿಲ್ಲ, ನೀರು ನೋಡಿ ಹೊಯ್ಯುವುದು ಸೊಸೆಯೇ ಆಗಬೇಕು, ಜಾರದ ಹಾಗೆ ಕಾಲ ಮೇಲೆ ಬಟ್ಟೆ ಹಾಸಬೇಕು, ಪಕ್ಕದಲ್ಲಿ ಇನ್ನೊಬ್ಬರು ಕೈ ಚಾಚಿ ಕೂತಿರಬೇಕು ಎಂದೆ.

ಬೀಗಿತ್ತಿ ಬಗ್ಗಿ ಮೊಗೆಕಾಯಿಯನ್ನು ಮುಟ್ಟಿ ನೋಡಿದರು. ಆಮೇಲೆ, "ಎರಡು ಕೈ ಸರಿ ಇದ್ದೂ ನಂಗೆ ಹಿಂಗೆ ತಿರುವಕ್ಕೆ ಬರಲ್ಲ ಮಾರಾಯ್ತಿ. ಪಕ್ಕದಲ್ಲಿ ನಾನೇ ಬಂದು ಕೂರ್ತೀನಿ. ಬಾಣಂತನ ಇಲ್ಲೇ ಆಗ್ಲಿ" ಎಂದರು. ಮಗಳು ಅಮ್ಮನ ಒದ್ದೆ ಸೀರೆಗೇ ಮುಖ ಒತ್ತಿ ಅತ್ತಳು. ಅಮ್ಮ ಮಾತ್ರ, "ಮೊದಲು ಮೊಗೆಕಾಯಿ ಒರೆಸ್ರೇ, ಶೀತ ಆಗ್ತದೆ" ಎಂದಳು.

ಹೆಣ್ಣು ಕೂಸು ಹುಟ್ಟಿತು. ಹೊಕ್ಕುಳ ಬಳ್ಳಿ ಬಿದ್ದ ಮೇಲೆ ಸ್ನಾನ ಮಾಡಿಸಬಹುದು ಎಂದು ನರ್ಸ್ ಹೇಳಿದ್ದರು. ಆ ದಿನ ನಾನು ಕೊಪ್ಪದ ಕೋಣೆಗೆ ಬೀಗ ಹಾಕಿ ಬೆಳಿಗ್ಗೆಯೇ ಹೊರಟೆ. ಬಚ್ಚಲ ಒಲೆ ಉರಿಯುತ್ತಿತ್ತು, ಹಂಡೆಯ ನೀರು ಹಬೆಯಾಡುತ್ತಿತ್ತು. ಅಮ್ಮ ಮಣೆಯ ಮೇಲೆ ಕಾಲು ನೀಡಿ ಕೂತಿದ್ದಳು. ಬಲಕ್ಕೆ ಬೀಗಿತ್ತಿ, ಎಡಕ್ಕೆ ನಾನು. ಸೊಸೆ ಮೊಣಕೈ ಅದ್ದಿ ನೀರು ನೋಡಿದಳು, ಬೀಗಿತ್ತಿಯೂ ನೋಡಿದರು. ಮಗಳು ಕೂಸನ್ನು ತಂದು ಅಮ್ಮನ ಕಾಲ ಮೇಲೆ ಮಲಗಿಸಿದಳು. ಅಮ್ಮನ ಬಲಗೈ ಎಣ್ಣೆಯಲ್ಲಿ ಅದ್ದಿದ್ದೇ, ಅಷ್ಟು ತಿಂಗಳು ಮೀಸುವುದನ್ನು ಬಿಟ್ಟೇ ಇರಲಿಲ್ಲವೇನೋ ಎನ್ನುವ ಹಾಗೆ ಕೆಲಸ ಶುರು ಮಾಡಿತು. ನೆತ್ತಿ, ಹಣೆ, ಮೂಗು. ಮೂಗಿಗೆ ಬಂದಾಗ ಒಮ್ಮೆ ನನ್ನ ಕಡೆ ನೋಡಿದಳು. ನನಗೆ ನಗು ಬಂತು. ಎಡಗೈ ಕೂಸಿನ ಪಕ್ಕ ಆಸರೆಯಾಗಿ, ಬೆರಳು ಅಗಲಿಸಿ ಸುಮ್ಮನೆ ಇತ್ತು.

ಅಷ್ಟರಲ್ಲಿ ಸೊಸೆ ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿದಳು, ಹೊಗೆ ತಿರುಗಿತು. ಅಮ್ಮ ಬಲಕ್ಕೆ ಮುಖ ತಿರುಗಿಸಿ, "ಈಗೆಂತಕ್ಕೆ ಸೌದೆ ತಳ್ಳದು? ಕೂಸಿನ ಕಣ್ಣಿಗೆ ಹೊಗೆ ಹೋಗಲ್ವಾ? ಎಷ್ಟು ಸಲ ಹೇಳ..." ಎಂದು ಬೈಯುತ್ತಿದ್ದವಳು ತಟ್ಟನೆ ನಿಂತಳು. ಮುಖ ಇನ್ನೂ ಒಲೆಯ ಕಡೆಗೇ ಇತ್ತು.

"ಯಾರೇ ಅದು, ನನ್ನ ಬೆರಳು ಹಿಡ್ಕಂಡಿದ್ದು?"

ನಾನು ಕೆಳಗೆ ನೋಡಿದೆ. ಕೂಸಿನ ಎಣ್ಣೆ ಮುಷ್ಟಿ ಅಮ್ಮನ ಎಡಗೈಯ ಒಂದು ಬೆರಳನ್ನು ಬಿಗಿಯಾಗಿ ಹಿಡಿದಿತ್ತು. ಅಮ್ಮ ತಲೆ ಬಗ್ಗಿಸಲು ಹೊರಟಳು. "ನೋಡಬೇಡಿ!" ಎಂದು ಕೂಗಿಬಿಟ್ಟೆ. "ಕಣ್ಣು ಮುಚ್ಚಿ. ಯಾವ ಬೆರಳು ಹೇಳಿ."

ಅಮ್ಮ ಕಣ್ಣು ಮುಚ್ಚಿದಳು. ಈ ಸಲ ಗಟ್ಟಿಯಾಗಿ ಮುಚ್ಚಿದಳು, ರೆಪ್ಪೆ ಅದುರಲಿಲ್ಲ.

"ಕಿರುಬೆರಳಲ್ಲ," ಎಂದಳು ನಿಧಾನವಾಗಿ. "ಅದರ ಪಕ್ಕದ್ದು. ಉಂಗುರದ ಬೆರಳು."

ಸರಿಯಾಗಿತ್ತು.